ದೊಡ್ಡಪ್ಪನ ಡಯಾನಾ 27: ಅಟ್ಟದಿಂದ ಇಳಿಸಿ, ಬಿಚ್ಚಿ, ಮತ್ತೆ ಜೋಡಿಸಿದ ಕತೆ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಪ್ಪ ಅಟ್ಟ ಗುಡಿಸುತ್ತಿದ್ದರು. ನಮ್ಮ ಊರು ಕೊಪ್ಪದ ಹತ್ತಿರ. ಗೋಣಿ ಸುತ್ತಿದ್ದ ಉದ್ದನೆಯ ಗಂಟೊಂದನ್ನು ಮೇಲಿನಿಂದ ನನ್ನ ಕೈಗೆ ಇಳಿಸಿ, "ತಗೊಂಡ್ ಹೋಗು ಮಾರಾಯ, ಗುಜರಿಯವನಿಗೆ ಕೊಟ್ರೂ ಆಯ್ತು" ಅಂದರು.

ಬಿಚ್ಚಿದರೆ ನಾನು ಹುಡುಗನಾಗಿದ್ದಾಗ ನಿಂಬೆಕಾಯಿಗೆ ಗುರಿ ಇಡುತ್ತಿದ್ದ ಅದೇ ಏರ್‌ಗನ್. ಮೇಲೆಲ್ಲ ತುಕ್ಕು. ತಿಕ್ಕಿ ನೋಡಿದರೆ ಸಿಲಿಂಡರಿನ ಮೇಲೆ ಡಯಾನಾ ದೇವತೆಯ ಗುರುತು ಇನ್ನೂ ಕಾಣುತ್ತಿತ್ತು. ಬೇಟೆಯ ದೇವತೆ ಬಿಲ್ಲು ಬಾಣ ಬಿಸಾಕಿ ಕೋವಿಯನ್ನು ಮೇಲೆತ್ತಿ ಹಿಡಿದಿರುವ ಚಿತ್ರ. ಜರ್ಮನಿಯ ರಾಸ್ಟಾಟ್ ಊರಿನ ಮೇಯರ್ ಅಂಡ್ ಗ್ರಾಮೆಲ್‌ಸ್ಪಾಕರ್ ಕಂಪನಿಯದ್ದು, 1890ರಲ್ಲಿ ಶುರುವಾದದ್ದು. ಎರಡನೇ ಮಹಾಯುದ್ಧದ ನಂತರ ಅವರ ಯಂತ್ರಗಳನ್ನೆಲ್ಲ ಬ್ರಿಟನ್ನಿಗೆ ಸಾಗಿಸಿದ್ದರು. 1950ರಲ್ಲಿ ಮತ್ತೆ ಕೆಲಸ ಶುರು ಮಾಡಿದರು. ಸಿಲಿಂಡರಿನ ಹಿಂದೆ ಚಿಕ್ಕದಾಗಿ 05 69 ಅಂತ ಒತ್ತಿದ್ದರು. ಅಂದರೆ 1969ರ ಮೇ ತಿಂಗಳ ಮಾಲು, ನನಗಿಂತ ಹಿರಿಯದು.

ಕೋವಿಗೆ ಏನಾಗಿದೆ ಅಂತ ನೋಡೋಕೆ ಅಂಗಳದಲ್ಲಿ ಒಂದು ಗುಂಡು ಹಾರಿಸಿದೆ. ನಳಿಗೆ ಮಡಚಿ ಲೋಡ್ ಮಾಡಬೇಕಾದರೆ ಮಂಡಿ ಕೊಟ್ಟು ಎಳೆಯಬೇಕಾಯಿತು. ಟ್ರಿಗರ್ ಒತ್ತಿದರೆ ಝಂಯ್ ಅಂತ ಹಳೇ ಸೈಕಲ್ ಕ್ಯಾರಿಯರಿನ ಸದ್ದು, ಬಾಯಿಂದ ಹೊಗೆ, ಭುಜಕ್ಕೆ ಒದೆ. ಇಷ್ಟೆಲ್ಲ ಆರ್ಭಟ ಮಾಡಿ ಪೆಲೆಟ್ಟು, ಅಂದರೆ ಸೀಸದ ಚಿಕ್ಕ ಗುಂಡು, ಮಾತ್ರ ಡಾಲ್ಡಾ ಡಬ್ಬಕ್ಕೆ ತಟ್ಟಿ ಕೆಳಗೆ ಬಿತ್ತು. ಕೇಳಿದರೆ, ಇಪ್ಪತ್ತು ವರ್ಷದ ಹಿಂದೆ ಪೇಟೆಯಲ್ಲಿ ಯಾರೋ "ಪವರ್ ಜಾಸ್ತಿ ಮಾಡಿ ಕೊಡ್ತೀನಿ" ಅಂತ ದಪ್ಪ ಸ್ಪ್ರಿಂಗ್ ಹಾಕಿ ಕೊಟ್ಟಿದ್ದನಂತೆ. ಅಲ್ಲಿಂದಾಚೆ ಮೂಲೆ ಸೇರಿದೆ.

ಬೆಂಗಳೂರಿಗೆ ತಂದ ಮೇಲೆ ಕೆಲಸ ಶುರು ಮಾಡುವ ಮೊದಲು ವೇಗ ಅಳೆದೆ. ಅಳತೆ ಇಲ್ಲದಿದ್ದರೆ ಸುಧಾರಿಸಿದೆಯೋ ಕೆಟ್ಟಿದೆಯೋ ಹೇಗೆ ಗೊತ್ತಾಗಬೇಕು? ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಕೊಳ್ಳುವ ಮನಸ್ಸಿರಲಿಲ್ಲ. ಗೆಳೆಯನ ತೋಟದಲ್ಲಿ ಸರಿಯಾಗಿ 10 ಮೀಟರ್ ದೂರಕ್ಕೆ ಮರಳು ಮೂಟೆ ಇಟ್ಟು, ಅದರ ಮುಂದೆ ಡಬ್ಬ ತೂಗುಹಾಕಿದೆ. ಫೋನನ್ನು ನನ್ನ ಪಕ್ಕದಲ್ಲೇ ಇಟ್ಟು ಸದ್ದು ರೆಕಾರ್ಡ್ ಮಾಡಿದೆ. ಕಂಪ್ಯೂಟರಿನಲ್ಲಿ ಅಲೆ ತೆರೆದರೆ ಕೋವಿಯ ಸದ್ದು ಒಂದು ಗುಡ್ಡ, ಡಬ್ಬದ ಸದ್ದು ಇನ್ನೊಂದು ಗುಡ್ಡ. ನಡುವಿನ ಅಂತರ 0.106 ಸೆಕೆಂಡ್. ಡಬ್ಬದ ಸದ್ದು ನನ್ನ ಹತ್ತಿರ ವಾಪಸ್ ಬರಲು 0.029 ಸೆಕೆಂಡ್ ಬೇಕು, ಅದನ್ನು ಕಳೆಯಬೇಕು. ಉಳಿದದ್ದು 0.077. ಅಂದರೆ ಸೆಕೆಂಡಿಗೆ ಸುಮಾರು 130 ಮೀಟರ್. ಅಡುಗೆಮನೆಯ ತಕ್ಕಡಿಯಲ್ಲಿ 20 ಪೆಲೆಟ್ 10 ಗ್ರಾಂ ತೂಗಿತು, ಒಂದಕ್ಕೆ ಅರ್ಧ ಗ್ರಾಂ. ಲೆಕ್ಕ ಹಾಕಿದರೆ ಗುಂಡಿನ ಶಕ್ತಿ 4.2 ಜೂಲ್. ಅಷ್ಟು ಕಷ್ಟಪಟ್ಟು ಎಳೆದದ್ದಕ್ಕೆ ಇಷ್ಟೇ.

ಈ ಕೋವಿಯಲ್ಲಿ ಗಾಳಿಯನ್ನು ಮೊದಲೇ ತುಂಬಿ ಇಡುವುದಿಲ್ಲ, ಅಲ್ವಾ? ನಳಿಗೆ ಮಡಚಿದಾಗ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗು ಒತ್ತಿಕೊಳ್ಳುತ್ತದೆ. ಟ್ರಿಗರ್ ಒತ್ತಿದಾಗ ಆ ಸ್ಪ್ರಿಂಗು ಪಿಸ್ಟನ್ನನ್ನು ಮುಂದೆ ತಳ್ಳುತ್ತದೆ. ಪಿಸ್ಟನ್ ಮುಂದಿರುವ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ಸಣ್ಣ ತೂತಿನಿಂದ ನುಗ್ಗಿ ಪೆಲೆಟ್ಟನ್ನು ಹೊರಗೆ ತಳ್ಳುತ್ತದೆ. ಪಿಸ್ಟನ್ ಮುಂದೆ ಹೋಗುವಾಗ ಕೋವಿ ಹಿಂದೆ ಒದೆಯುತ್ತದೆ. ಪಿಸ್ಟನ್ ಗಾಳಿಗೆ ತಡೆದು ನಿಲ್ಲುವಾಗ ಕೋವಿ ಮುಂದಕ್ಕೆ ಜಿಗಿಯುತ್ತದೆ. ಪೆಲೆಟ್ ಹಾಕದೆ ಸುಮ್ನೆ ಟ್ರಿಗರ್ ಒತ್ತಬಾರದು ಅನ್ನುವುದು ಇದಕ್ಕೇ. ತಡೆಯಲು ಗಾಳಿಯೇ ಇರುವುದಿಲ್ಲ, ಪಿಸ್ಟನ್ ಹೋಗಿ ನೇರ ಕಬ್ಬಿಣಕ್ಕೆ ಬಡಿಯುತ್ತದೆ. ಇನ್ನು ಪಿಸ್ಟನ್ ಮೂತಿಯ ವಾಷರ್ ಗಾಳಿ ಬಿಡುತ್ತಿದ್ದರೆ ಎಷ್ಟು ದಪ್ಪ ಸ್ಪ್ರಿಂಗ್ ಹಾಕಿದರೂ ಒದೆ ಜಾಸ್ತಿಯಾಗುತ್ತದೆಯೇ ಹೊರತು ವೇಗ ಅಲ್ಲ. ನಮ್ಮ ಕೋವಿಯ ರೋಗವೂ ಇದೇ ಇರಬೇಕು ಅನ್ನಿಸಿತು.

ಬಿಚ್ಚುವುದು ಸುಲಭ, ಹೆದರಿಕೆಯೂ ಅಲ್ಲೇ. ಮರದ ಹಿಡಿ ಮೂರ್ನಾಲ್ಕು ಸ್ಕ್ರೂಗೆ ಬಂತು. ಟ್ರಿಗರ್ ಬ್ಲಾಕನ್ನು ಎರಡು ಅಡ್ಡ ಪಿನ್ನುಗಳು ಹಿಡಿದಿವೆ. ಅದರ ಹಿಂದೆ ಸ್ಪ್ರಿಂಗ್ ಒತ್ತಿಕೊಂಡೇ ಕೂತಿದೆ. ಪಿನ್ ತೆಗೆದರೆ ಬ್ಲಾಕು ಎದೆಗೋ ಮುಖಕ್ಕೋ ಹಾರುತ್ತದೆ. ಹಲಗೆಯ ಮೇಲೆ ಎರಡು ಮರದ ತುಂಡು ಬೋಲ್ಟ್ ಮಾಡಿ, ಒಂದು ತುದಿಗೆ ಉದ್ದದ ಥ್ರೆಡ್ ರಾಡ್ ಹಾಕಿ, ತಿರುಗಿಸಿ ಒತ್ತುವ ಕ್ಲಾಂಪ್ ಮಾಡಿಕೊಂಡೆ. ಒಂದು ಮಧ್ಯಾಹ್ನದ ಕೆಲಸ. ಕ್ಲಾಂಪ್ ಇಲ್ಲದೆ ಕೈಯಲ್ಲೇ ಒತ್ತಿ ತೆಗೆಯುತ್ತೇನೆ ಅನ್ನುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಪಿನ್ ಹೊಡೆದು ರಾಡನ್ನು ನಿಧಾನ ಸಡಿಲಿಸುತ್ತಾ ಹೋದರೆ ಸ್ಪ್ರಿಂಗ್ ನಾಲ್ಕು ಇಂಚು ಹೊರಗೆ ಬಂದ ಮೇಲೇ ಸುಮ್ಮನಾಯಿತು. ಎರಡು ಇಂಚು ಬಂದಿದ್ದರೆ ಸರಿ ಇರುತ್ತಿತ್ತು.

ಟ್ರಿಗರಿನ ಒಳಗೆ ಮೂರು ಉಕ್ಕಿನ ಗುಂಡುಗಳಿವೆ. ಪಿಸ್ಟನ್ ಕಂಬಿಯ ತುದಿಯ ಕಚ್ಚಿಗೆ ಈ ಮೂರೂ ಕೂತು ಹಿಡಿಯುತ್ತವೆ. ಸುತ್ತಲಿನ ಕೊಳವೆ ಜಾರಿದಾಗ ಹೊರಗೆ ಸರಿದು ಬಿಟ್ಟುಬಿಡುತ್ತವೆ. ಎಂಥ ತಲೆ ಅನ್ನಿಸಿತು ನೋಡಿ. ಹಾಗೆ ಮೆಚ್ಚುತ್ತಾ ಕೂತಾಗಲೇ ಒಂದು ಗುಂಡು ಉರುಳಿ ಫ್ರಿಜ್ ಕೆಳಗೆ ಹೋಯಿತು. ಅರ್ಧ ಗಂಟೆ ಪೊರಕೆ ಹಿಡಿದು ಹುಡುಕಿದೆ. ನೀವು ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿ, ಅಂಚು ಎತ್ತರದ ತಟ್ಟೆ ಇಟ್ಟುಕೊಳ್ಳಿ.

ನಳಿಗೆಯ ತಿರುಗಣೆ ಬೋಲ್ಟ್ ತೆಗೆದು, ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವ ಎಳೆಗೋಲನ್ನು ಬಿಡಿಸಿದ ಮೇಲೆ ಪಿಸ್ಟನ್ ಹೊರಗೆ ಬಂತು. ಬೋಲ್ಟಿನ ಎರಡೂ ಬದಿಗೆ ಕಾಗದದಷ್ಟು ತೆಳುವಾದ ವಾಷರ್ ಇರುತ್ತವೆ, ಯಾವುದು ಯಾವ ಬದಿ ಅಂತ ಫೋಟೋ ತೆಗೆದಿಟ್ಟುಕೊಳ್ಳಿ.

ಸಿಲಿಂಡರಿನ ಒಳಗೆ ಕಂದು ಬಣ್ಣದ ಅಂಟು. ಮೂಸಿದರೆ ಕೊಬ್ಬರಿ ಎಣ್ಣೆಯ ಕಮಟು ವಾಸನೆ! ಫೋನ್ ಮಾಡಿ ಕೇಳಿದೆ. "ಹೌದಾ, ಬಿಗಿ ಆಗಿದೆ ಅಂತ ಸ್ವಲ್ಪ ಬಿಟ್ಟಿದ್ದೆ" ಅಂದರು ದೊಡ್ಡಪ್ಪ. ಮಲೆನಾಡಿನ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಅದು. ಒತ್ತಿದ ಗಾಳಿಯ ಕಾವಿಗೆ ಇಂಥ ಎಣ್ಣೆ ಹೊತ್ತಿಕೊಳ್ಳುತ್ತದೆ. ಹೊಗೆ ಬರುತ್ತಿದ್ದದ್ದು ಅದಕ್ಕೇ. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿ, ಕೋಲಿಗೆ ಬಟ್ಟೆ ಸುತ್ತಿ ಎಳೆದೆಳೆದು ತೊಳೆದೆ. ಆಮೇಲೆ ಅದೇ ಕೋಲಿಗೆ 400 ನಂಬರಿನ ಎಮರಿ ಕಾಗದ ಸುತ್ತಿ ಒಳಗೆ ಹಗುರವಾಗಿ ಉಜ್ಜಿದೆ. ಸಿಲಿಂಡರಿನ ಕೆಳಗಿನ ಉದ್ದ ಸೀಳಿನ ಅಂಚುಗಳು ಬ್ಲೇಡಿನ ಹಾಗೆ ಚೂಪಾಗಿದ್ದವು. ಅವನ್ನೂ ಮೊಂಡು ಮಾಡಿದೆ. ಇಲ್ಲದಿದ್ದರೆ ಹೊಸ ವಾಷರ್ ತೂರಿಸುವಾಗಲೇ ಕುಯ್ದು ಹೋಗುತ್ತದೆ.

ವಾಷರ್ ವಿಷಯಕ್ಕೆ ಬಂದರೆ, ಇದರಲ್ಲಿ ಚರ್ಮದ್ದು. ಸೀಮೆಎಣ್ಣೆ ಸ್ಟೌವಿನ ಪಂಪಿನಲ್ಲಿ, ಸೈಕಲ್ ಪಂಪಿನಲ್ಲಿ ಬಟ್ಟಲಿನ ಹಾಗೆ ಇರುತ್ತದಲ್ಲ, ಅದರದ್ದೇ ಅಣ್ಣ. ಹಳೆಯದು ಒಣಗಿ ಹಪ್ಪಳವಾಗಿತ್ತು. ಮೊದಲು ಸೈಕಲ್ ಅಂಗಡಿಯಲ್ಲಿ ಸಿಕ್ಕ ವಾಷರನ್ನೇ ಕತ್ತರಿಸಿ ಕೂರಿಸಲು ನೋಡಿದೆ. ತೆಳುವಾಗಿತ್ತು, ಐದೇ ಗುಂಡಿಗೆ ಮಡಚಿಕೊಂಡಿತು. ಕೊನೆಗೆ ಚಪ್ಪಲಿ ಹೊಲಿಯುವವರ ಹತ್ತಿರ ಅಟ್ಟೆಗೆ ಬಳಸುವ, ತೊಗಟೆಯಿಂದ ಹದ ಮಾಡಿದ ಚರ್ಮದ ಅಂಗೈಯಗಲ ತುಂಡು ತಂದೆ. ಬ್ಯಾಗಿಗೆ ಬಳಸುವ ಮೆತ್ತನೆ ಕ್ರೋಮ್ ಚರ್ಮ ಆಗುವುದಿಲ್ಲ, ಆಕಾರ ನಿಲ್ಲುವುದಿಲ್ಲ. ಬೆಚ್ಚಗಿನ ನೀರಲ್ಲಿ ನೆನೆಸಿ, ಪೈಪಿನ ತುಂಡಿನ ಬಾಯಿಗೆ ಇಟ್ಟು, ಮೇಲಿನಿಂದ ಸಾಕೆಟ್ ಸ್ಪ್ಯಾನರಿನ ಬಿಲ್ಲೆಯನ್ನು ಬೆಂಚ್ ವೈಸಿನಲ್ಲಿ ಒತ್ತಿ ಬಿಗಿದೆ. ನೆರಳಲ್ಲಿ ಎರಡು ದಿನ ಬಿಟ್ಟರೆ ಚಂದದ ಬಟ್ಟಲಾಯಿತು. ಮೊದಲನೆಯದರ ಅಂಚು ಓರೆಯಾಗಿ ಕತ್ತರಿಸಿ ಹಾಳು ಮಾಡಿದೆ, ಎರಡನೆಯದು ಸರಿ ಬಂತು. ಟ್ರೆಡ್‌ಮಿಲ್ಲಿಗೆ ಹಾಕುವ ಸಿಲಿಕೋನ್ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಒರೆಸಿ, ಪಿಸ್ಟನ್ ಮೂತಿಗೆ ಸ್ಕ್ರೂ ಮಾಡಿದೆ.

ಸ್ಪ್ರಿಂಗ್ ಲೆಕ್ಕ ಹೀಗೆ. ಪಿಸ್ಟನ್ ಪೂರ್ತಿ ಹಿಂದೆ ಬಂದಾಗ ಸ್ಪ್ರಿಂಗಿಗೆ ಉಳಿಯುವ ಜಾಗ ನನ್ನ ಅಳತೆಯಲ್ಲಿ 123 ಮಿ.ಮೀ. ಆ ಪವರ್ ಸ್ಪ್ರಿಂಗಿನ ತಂತಿ 3.2 ಮಿ.ಮೀ., ಸುತ್ತು 38. ಗುಣಿಸಿದರೆ 121.6. ಅಂದರೆ ಲೋಡ್ ಮಾಡಿದಾಗ ಸುತ್ತಿಗೆ ಸುತ್ತು ತಾಗಿ ಬರೀ ಕಬ್ಬಿಣದ ಕೊಳವೆಯಾಗುತ್ತಿತ್ತು. ಗಾಜಿನ ಮೇಲೆ ಉರುಳಿಸಿದರೆ ಕುಂಟುತ್ತಾ ಉರುಳಿತು, ಬಾಗಿಯೂ ಇತ್ತು. ಪೀಣ್ಯದಲ್ಲಿ ಸ್ಪ್ರಿಂಗ್ ಸುತ್ತಿ ಕೊಡುವವರಿದ್ದಾರೆ. ಒಂದೇ ಒಂದು ಬೇಕು ಅಂದರೆ ಮೊದಲು ನಗುತ್ತಾರೆ, ಆಮೇಲೆ ಮಾಡಿ ಕೊಡುತ್ತಾರೆ. 3 ಮಿ.ಮೀ. ತಂತಿ, 33 ಸುತ್ತು, ಎರಡೂ ತುದಿ ಚಪ್ಪಟೆ ಮಾಡಿ ಉಜ್ಜಿದ್ದು. ಇದು 99 ಮಿ.ಮೀ.ಗೆ ಮುಚ್ಚಿಕೊಳ್ಳುತ್ತದೆ, 24 ಮಿ.ಮೀ. ಉಸಿರಾಡಲು ಉಳಿಯುತ್ತದೆ.

ಝಂಯ್ ಸದ್ದಿಗೆ ಮದ್ದು ಪುಕ್ಕಟೆ ಸಿಕ್ಕಿತು. ಸ್ಪ್ರಿಂಗಿಗೂ ಪಿಸ್ಟನ್ ಒಳಗೋಡೆಗೂ ನಡುವಿನ ಸಡಿಲದಿಂದ ಅದು ಅದುರುತ್ತದೆ. ತಂಪು ಪಾನೀಯದ ಬಾಟಲಿ ಕತ್ತರಿಸಿ, ಆ ಪ್ಲಾಸ್ಟಿಕ್ ಹಾಳೆಯನ್ನು ಒಂದು ಸುತ್ತು ಪಿಸ್ಟನ್ ಒಳಗೆ ತೂರಿಸಿದೆ. ಸ್ಪ್ರಿಂಗು ಈಗ ತೊಟ್ಟಿಲಲ್ಲಿ ಮಲಗಿದ ಹಾಗೆ. ಗ್ರೀಸ್ ವಿಷಯದಲ್ಲಿ ಕೈ ಬಿಗಿ ಇರಬೇಕು. ಕಾರಿನ ಆಕ್ಸಲ್ ಜಾಯಿಂಟಿಗೆ ಹಾಕುವ ಕಪ್ಪು ಮಾಲಿಬ್ಡಿನಂ ಗ್ರೀಸನ್ನು ಪಿಸ್ಟನ್ ಬದಿಗೆ, ಸ್ಪ್ರಿಂಗಿಗೆ ತೆಳ್ಳಗೆ ಸವರಿದೆ. ವಾಷರಿನ ಮುಂದೆ ಒಂದು ಚೂರೂ ಇಲ್ಲ. ಅಲ್ಲಿಗೆ ಹೋದ ಗ್ರೀಸು ಕೊಬ್ಬರಿ ಎಣ್ಣೆಯ ಕೆಲಸವನ್ನೇ ಮಾಡುತ್ತದೆ.

ಜೋಡಿಸುವಾಗ ಮೂರು ಗುಂಡುಗಳನ್ನು ಗ್ರೀಸಿನಲ್ಲಿ ಅಂಟಿಸಿ ಕೂರಿಸಿದೆ. ಮೂರನೇ ಸಲಕ್ಕೆ ಕೂತವು.

ಆದರೂ ಮೊದಲ ದಿನ ವೇಗ ಏರಲಿಲ್ಲ. ತಲೆ ಕೆಟ್ಟುಹೋಯಿತು. ದೇವರ ಮುಂದಿನ ವಿಭೂತಿ ತಂದು ನಳಿಗೆ ಮತ್ತು ಸಿಲಿಂಡರ್ ಸೇರುವ ಸಂದಿಗೆ ಉದುರಿಸಿ ಒಂದು ಗುಂಡು ಹಾರಿಸಿದೆ. ಪುಸ್ ಅಂತ ಬೂದಿ ಹಾರಿತು. ನಳಿಗೆಯ ಹಿಂಬದಿಯ ಸಣ್ಣ ಚರ್ಮದ ಬಿಲ್ಲೆ ಸವೆದಿತ್ತು. ಉಳಿದ ಅಟ್ಟೆ ಚರ್ಮದಲ್ಲೇ ಹೊಸ ಬಿಲ್ಲೆ ಕತ್ತರಿಸಿ, ಅಂಚಿಗಿಂತ ಒಂದು ಕಾಗದದಷ್ಟು ಮಾತ್ರ ಎತ್ತರ ಬಿಟ್ಟು ಕೂರಿಸಿದೆ. ಮತ್ತೆ ವಿಭೂತಿ ಹಾಕಿದರೆ ಅಲ್ಲಾಡಲಿಲ್ಲ.

ಮೊದಲ ಹತ್ತು ಗುಂಡು ಲೆಕ್ಕಕ್ಕಿಲ್ಲ. ಆಮೇಲೆ ರೆಕಾರ್ಡ್ ಮಾಡಿದರೆ ಅಂತರ 0.089, ಸದ್ದಿನ ಪಾಲು ಕಳೆದರೆ 0.060. ಸೆಕೆಂಡಿಗೆ 167 ಮೀಟರ್, ಸುಮಾರು 7 ಜೂಲ್. ತೆಳು ಸ್ಪ್ರಿಂಗಿನಲ್ಲಿ! ನಳಿಗೆ ಈಗ ಒಂದೇ ಕೈಗೆ ಬಾಗುತ್ತದೆ. ಸದ್ದು ಟಕ್ ಅಷ್ಟೇ. ನಮ್ಮ ದೇಶದಲ್ಲಿ 2016ರ ಆಯುಧ ನಿಯಮಗಳ ಪ್ರಕಾರ 0.177 ಇಂಚಿನ ಬೋರು (ನಳಿಗೆಯ ಒಳ ಅಗಲ), 20 ಜೂಲ್ ಮಿತಿಯೊಳಗಿನ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ನಾನು ಆ ಗೆರೆಯ ಹತ್ತಿರವೂ ಹೋಗಿಲ್ಲ, ಹೋಗುವ ಆಸೆಯೂ ಇಲ್ಲ.

ಎರಡು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ಈ ಮಾಡೆಲಿನಲ್ಲಿ ನಳಿಗೆ ಮಡಚಿದ್ದಾಗಲೂ ಟ್ರಿಗರ್ ಕೆಲಸ ಮಾಡುತ್ತದೆ. ಪೆಲೆಟ್ ಹಾಕುವಾಗ ಇನ್ನೊಂದು ಕೈಯಿಂದ ನಳಿಗೆ ಬಿಗಿ ಹಿಡಿಯದಿದ್ದರೆ ಬೆರಳು ಹೋಗುತ್ತದೆ, ನಳಿಗೆ ಮೇಲಕ್ಕೆ ಬಾಗುತ್ತದೆ. ಡಬ್ಬಕ್ಕೆ ಹೊಡೆಯುವಾಗ ಕನ್ನಡಕ ಹಾಕಿ, ಸೀಸ ವಾಪಸ್ ಬರುತ್ತದೆ.

ಗುರಿಗೆ ಇನ್ನೊಂದು ವಾರ ಹೋಯಿತು. ಬಿಗಿಯಾಗಿ ಭುಜಕ್ಕೆ ಒತ್ತಿ ಹಿಡಿದಷ್ಟೂ ಗುಂಡು ಚದುರುತ್ತಿತ್ತು. ಎಡಗೈ ಬಿಚ್ಚಿ, ಅಂಗೈ ಮೇಲೆ ಸುಮ್ನೆ ಮಲಗಿಸಿ, ಅದು ಹೇಗೆ ಜಿಗಿಯುತ್ತೋ ಹಾಗೆ ಜಿಗಿಯಲು ಬಿಟ್ಟೆ. 10 ಮೀಟರಿಗೆ ಐದು ಗುಂಡು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋದವು.

ಯುಗಾದಿಗೆ ಊರಿಗೆ ಒಯ್ದೆ. ದೊಡ್ಡಪ್ಪ ಒಂದೇ ಕೈಯಲ್ಲಿ ನಳಿಗೆ ಮಡಚಿ, "ಇದೇನಾ, ಸತ್ವಾನೇ ಇಲ್ವಲ್ಲ" ಅಂದರು. ಅಂಗಳದ ಆಚೆಗೆ ತೂಗುಹಾಕಿದ್ದ ಡಬ್ಬ ತೋರಿಸಿದೆ. ಹೊಡೆದರು. ಪೆಲೆಟ್ಟು ಈ ಬದಿಯಿಂದ ಹೊಕ್ಕು ಆ ಬದಿ ಹೋಯಿತು. ಹತ್ತಿರ ಹೋಗಿ ತೂತಿಗೆ ಬೆರಳಿಟ್ಟು ನೋಡಿದರು.

"ತೋಟದ ಮಂಗಕ್ಕೆ ಆಗ್ತದಾ ಇದು?"

"ಮಂಗ, ಹಕ್ಕಿ ಎಲ್ಲ ಬೇಡ ದೊಡ್ಡಪ್ಪ, ಕೇಸಾಗ್ತದೆ. ಪಾಪ ಕೂಡ."

"ಹಂಗಾರೆ ನಿಂಬೆಕಾಯಿ ಕಟ್ಟು" ಅಂದು ಇನ್ನೊಂದು ಪೆಲೆಟ್ಟಿಗೆ ಕೈ ಚಾಚಿದರು.