ಮೊದಲ ರೆಕಾರ್ಡ್ ಹಾಕುವ ಮುನ್ನ: ಟರ್ನ್‌ಟೇಬಲ್ ಹೊಂದಿಸುವ ನನ್ನ ಕ್ರಮ

2020ರಲ್ಲಿ ಅಮೆರಿಕದಲ್ಲಿ ವಿನೈಲ್ ರೆಕಾರ್ಡ್ ಮಾರಾಟದ ಹಣ ಸಿ.ಡಿ.ಯದ್ದನ್ನು ಮೀರಿತು. 1980ರ ದಶಕದ ನಂತರ ಹೀಗಾದದ್ದು ಅದೇ ಮೊದಲು. ಈಗ ರೆಕಾರ್ಡ್ ಕೊಳ್ಳುವ ಎಳೆಯರಲ್ಲಿ ಅನೇಕರು ಅದನ್ನು ನುಡಿಸುವ ಟರ್ನ್‌ಟೇಬಲ್ ಮುಟ್ಟುತ್ತಿರುವುದೇ ಮೊದಲ ಸಲ. ದನಿ ಒಡೆಯುತ್ತದೆ, ಮುಳ್ಳು ಹಾರುತ್ತದೆ ಎಂಬ ಅವರ ದೂರುಗಳಿಗೆ ಬಹಳ ಸಲ ರೆಕಾರ್ಡ್ ಕಾರಣವಲ್ಲ, ಹೊಂದಿಕೆ ಕಾರಣ.

ಅಲುಗದ ಮೇಜಿನ ಮೇಲೆ ಟರ್ನ್‌ಟೇಬಲ್ ಇಟ್ಟು, ತಟ್ಟೆಯ ಮೇಲೆ ರಸಮಟ್ಟ ಇಟ್ಟು ನೋಡುತ್ತೇನೆ. ಸ್ಪೀಕರನ್ನು ಅದೇ ಮೇಜಿನ ಮೇಲೆ ಇಡುವುದಿಲ್ಲ. ಅದರ ನಡುಕ ಮುಳ್ಳಿಗೆ ತಲುಪಿ ಮತ್ತೆ ಸ್ಪೀಕರಿನಿಂದಲೇ ಹೊರಬರುತ್ತದೆ.

ಆಮೇಲೆ ಮುಳ್ಳಿನ ಭಾರ. ಮುಳ್ಳು ಹೊತ್ತ ತೋಳು ಒಳಕ್ಕೆ ಜಾರದಂತೆ ತಡೆಯುವ ಆಂಟಿ-ಸ್ಕೇಟನ್ನು ಸೊನ್ನೆಗೆ ತಂದು, ಮುಳ್ಳಿನ ಮುಚ್ಚಳ ತೆಗೆದು, ತೋಳು ಗಾಳಿಯಲ್ಲಿ ಸಮತಲವಾಗಿ ತೇಲುವವರೆಗೆ ಹಿಂದಿನ ತೂಕದ ಗುಂಡನ್ನು ತಿರುಗಿಸಬೇಕು. ಗುಂಡು ಅಲುಗದಂತೆ ಹಿಡಿದು ಅಂಕಿಯ ಬಳೆಯನ್ನಷ್ಟೇ ಸೊನ್ನೆಗೆ ತರಬೇಕು. ನಂತರ ಎರಡನ್ನೂ ಒಟ್ಟಿಗೆ ತಿರುಗಿಸಿ ಬೇಕಾದ ಭಾರಕ್ಕೆ ನಿಲ್ಲಿಸಬೇಕು. ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಭಾಗವೇ ಕಾರ್ಟ್ರಿಡ್ಜ್; ನನ್ನ ಆಡಿಯೋ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಡ್ಜಿಗೆ ಅದು 1.8ರಿಂದ 2.2 ಗ್ರಾಂ, ನಾನು 2.0ಕ್ಕೆ ಇಡುತ್ತೇನೆ. ಬಳೆಯ ಅಂಕಿಯನ್ನು ಪೂರ್ತಿ ನಂಬದೆ 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ಮತ್ತೆ ಅಳೆಯುತ್ತೇನೆ. ಭಾರ ಕಡಿಮೆಯಾದಷ್ಟೂ ರೆಕಾರ್ಡಿಗೆ ಕ್ಷೇಮ ಎಂಬ ನಂಬಿಕೆ ತಪ್ಪು. ತೀರ ಹಗುರಾದ ಮುಳ್ಳು ಜೋರು ದನಿಯ ಕಡೆ ಗ್ರೂವಿನ (ರೆಕಾರ್ಡಿನ ಸಣ್ಣ ಗೀರುಗಾಲುವೆಯ) ಗೋಡೆ ಬಿಟ್ಟು ಎಗರುತ್ತದೆ, ಮರಳಿ ಬಡಿದಾಗ ಗೋಡೆಯೇ ಹಾಳಾಗುತ್ತದೆ. ಭಾರ ನಿಂತ ಮೇಲೆ ಆಂಟಿ-ಸ್ಕೇಟನ್ನೂ ಅದೇ ಅಂಕಿಗೆ ತನ್ನಿ.

ಹೆಚ್ಚು ತಾಳ್ಮೆ ಬೇಡುವುದು ಕಾರ್ಟ್ರಿಡ್ಜಿನ ಕೋನ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ರೆಕಾರ್ಡಿನ ಅಂಚಿನ ಬಳಿ ಗ್ರೂವ್ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಸರಿಯುತ್ತದೆ, ನಡುವಿನ ಲೇಬಲ್ ಹತ್ತಿರ 20 ಸೆಂ.ಮೀ. ಆಸುಪಾಸು. ಅಷ್ಟೇ ಸ್ವರ ಅರ್ಧಕ್ಕೂ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿರುವುದರಿಂದ ಕೋನದ ಸಣ್ಣ ದೋಷವೂ ಬದಿಯ ಕೊನೆಯ ಹಾಡಿನಲ್ಲಿ ‘ಸ’, ‘ಶ’ಗಳು ಕರಕರ ಎನ್ನುವಂತೆ ಮಾಡುತ್ತದೆ. ಕೋನ ನೋಡಲು ತಟ್ಟೆಯ ಮೇಲಿಡುವ ಪ್ರೊಟ್ರಾಕ್ಟರ್ ಹಾಳೆಯಲ್ಲಿ, ನಡುವಿನಿಂದ 66 ಮತ್ತು 120.9 ಮಿ.ಮೀ. ದೂರದ ಬಿಂದುಗಳೆರಡರಲ್ಲೂ ಕಾರ್ಟ್ರಿಡ್ಜ್ ಗೆರೆಗೆ ನೇರವಾಗಿ ಕೂರುವವರೆಗೆ ತಿರುಪು ಸಡಿಲಿಸಿ ಸರಿಸುತ್ತೇನೆ. ಕಾರ್ಟ್ರಿಡ್ಜ್ ಸರಿದರೆ ಭಾರವೂ ಬದಲಾಗುತ್ತದೆ, ಮತ್ತೆ ಅಳೆಯಲೇಬೇಕು.

ದನಿ ಕ್ಷೀಣವಾಗಿ, ತಗ್ಗು ಸ್ವರವಿಲ್ಲದೆ ಬಂದರೆ, ಕಾರ್ಟ್ರಿಡ್ಜಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಫೋನೋ ಪ್ರೀಆಂಪ್ ಇಲ್ಲವೆಂದು ತಿಳಿಯಿರಿ. ಅಬ್ಬರಿಸಿ ಒಡೆದರೆ ಎರಡು ಪ್ರೀಆಂಪ್ ಸೇರಿವೆ. ಟರ್ನ್‌ಟೇಬಲ್ ಹಿಂದಿನ ಪ್ರೀಆಂಪ್ ಸ್ವಿಚ್ಚು ನೋಡಿ. ಗುಂಯ್ ಎಂಬ ಸದ್ದು ಬಿಡದಿದ್ದರೆ ಮೊದಲು ಗ್ರೌಂಡ್ ತಂತಿ ಜೋಡಿಸಿದೆಯೇ ನೋಡಿ.

ಪ್ರತಿ ಬದಿ ಹಾಕುವ ಮೊದಲು ಕಾರ್ಬನ್ ಫೈಬರ್ ಬ್ರಷ್ ಸಾಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ರೆಕಾರ್ಡನ್ನು ಮಾತ್ರ ಈ ಮುಳ್ಳಿನಲ್ಲಿ ಹಾಕಬೇಡಿ. ಅದರ ಗ್ರೂವ್ ಅಗಲ, ಬೇರೆಯೇ ಮುಳ್ಳು ಬೇಕು. ಅದನ್ನು ಆಲ್ಕೋಹಾಲ್ ಇರುವ ದ್ರವದಿಂದ ಒರೆಸಿದರೆ ಅದನ್ನು ಮಾಡಿದ ಅರಗು ಕರಗಿಹೋಗುತ್ತದೆ.