ಕಾರ್ಡು ಇದ್ದರೆ ಸಾಲದು, ರೆಫರಲ್ ಚೀಟಿಯೂ ಬೇಕು

ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಳ್ಳಲು ಹೆಂಡತಿಯ ಸರ ಅಡವಿಟ್ಟರು. ಅವರ ಬಿಪಿಎಲ್ ಕಾರ್ಡು ಅಂಗಡಿಯ ಗೂಡಿನಲ್ಲೇ ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿತ್ತು. ಅದನ್ನು ಬಳಸುವ ಕ್ರಮವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ದುಡಿದು ತಿನ್ನುವವರಿಗೆ ಹೀಗಾಗಬಾರದು.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರದ, ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ. ವರ್ಷದ ಮಿತಿ 1.5 ಲಕ್ಷ.

ಕಾರ್ಖಾನೆ, ಗಾರ್ಮೆಂಟ್ಸ್ ಕೆಲಸಗಾರರು ಮೊದಲು ಸಂಬಳದ ಚೀಟಿ ನೋಡಿಕೊಳ್ಳಿ. ತಿಂಗಳಿಗೆ 14,000 ರೂಪಾಯಿ ಸಂಬಳಕ್ಕೆ 105 ರೂಪಾಯಿ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಕಡಿತವಾಗಿದ್ದರೆ ನಿಮ್ಮ ದಾರಿ ಬೇರೆ, ಇಎಸ್‌ಐ ಔಷಧಾಲಯಕ್ಕೆ ಹೋಗಿ.

ಉಳಿದವರು ಆಧಾರ್, ರೇಷನ್ ಕಾರ್ಡು ಹಿಡಿದು ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ನೋಂದಾಯಿಸಿಕೊಳ್ಳಿ. ಹೋಗುವ ಮುನ್ನ ಎರಡರಲ್ಲೂ ಇರುವ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ. ಮದುವೆಯಾಗಿ ಬಂದ ಸೊಸೆಯ ಹೆಸರು ಎಷ್ಟೋ ಮನೆಗಳಲ್ಲಿ ಇನ್ನೂ ತವರಿನ ರೇಷನ್ ಕಾರ್ಡಿನಲ್ಲೇ ಇರುತ್ತದೆ. ಆರೋಗ್ಯವಾಗಿರುವಾಗಲೇ ಅದನ್ನು ಸರಿಪಡಿಸಿಕೊಳ್ಳಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಕಾಯಿಲೆ ಬಂದಾಗ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಬೇಡಿ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ವೈದ್ಯರು ರೆಫರಲ್ ಚೀಟಿ ಬರೆದುಕೊಡುತ್ತಾರೆ. ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಆ ಚೀಟಿಯೊಂದಿಗೆ ಹೋಗಬೇಕು. ಇಸ್ತ್ರಿ ಅಂಗಡಿಯವರಿಗೆ ತಪ್ಪಿಹೋದದ್ದು ಇದೊಂದೇ ಚೀಟಿ. ಅವರದು ಮೊದಲೇ ದಿನ ಗೊತ್ತುಮಾಡಿದ್ದ ಚಿಕಿತ್ಸೆ, ಚೀಟಿ ತರಲು ಒಂದು ವಾರ ಸಮಯವಿತ್ತು.

ಜೀವಕ್ಕೆ ಅಪಾಯವಿರುವ ತುರ್ತು ಸಂದರ್ಭದಲ್ಲಿ ಮಾತ್ರ ಚೀಟಿಗಾಗಿ ಕಾಯಬೇಡಿ. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ರೆಫರಲ್ ಬೇಕಿಲ್ಲ. ಆದರೆ ಆಸ್ಪತ್ರೆ ಯೋಜನೆಗೆ ಸೇರಿದ್ದೇ ಆಗಿರಬೇಕು. ಹತ್ತಿರದಲ್ಲಿ ಅಂಥದ್ದು ಯಾವುದಿದೆ ಎಂದು ಇಂದೇ ವಿಚಾರಿಸಿ, ಹೆಸರನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಆಸ್ಪತ್ರೆಗೆ ಹೋದೊಡನೆ ಬಿಲ್ಲಿಂಗ್ ಕೌಂಟರಿಗಿಂತ ಮೊದಲು ಆರೋಗ್ಯ ಮಿತ್ರರನ್ನು, ಅಂದರೆ ಯೋಜನೆಯ ರೋಗಿಗಳಿಗೆ ನೆರವಾಗಲು ಅಲ್ಲಿರುವ ಸಿಬ್ಬಂದಿಯನ್ನು, ಹುಡುಕಿ. ಕಾರ್ಡು, ಚೀಟಿಗಳನ್ನು ಅವರ ಕೈಗೆ ಕೊಡಿ. ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ಒಪ್ಪಿಗೆ ಬಂದ ಮೇಲೆ ಹಣ ನೇರವಾಗಿ ಆಸ್ಪತ್ರೆಗೇ ಸಂದಾಯವಾಗುತ್ತದೆ. ಬಿಪಿಎಲ್ ಕಾರ್ಡಿದ್ದೂ ಮುಂಗಡ ಕಟ್ಟಲು ಹೇಳಿದರೆ ಅಲ್ಲಿಂದಲೇ ಟ್ರಸ್ಟಿನ ಸಹಾಯವಾಣಿ 1800 425 8330ಕ್ಕೆ ಕರೆ ಮಾಡಿ.