ಎಚ್‌ಐವಿ ತಗುಲಿರಬಹುದೆಂಬ ಅನುಮಾನ ಬಂದರೆ ಏನು ಮಾಡಬೇಕು?

ಕಾಂಡೋಮ್ ಹರಿದಾಗಲೋ, ಇನ್ನೊಬ್ಬರಿಗೆ ಬಳಸಿದ ಸೂಜಿ ಚುಚ್ಚಿದಾಗಲೋ ಕೆಲವರು ಮರುದಿನವೇ ರಕ್ತ ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂತೆಂದು ಸುಮ್ಮನಾಗಿಬಿಡುತ್ತಾರೆ. ಆ ವರದಿ ಹೇಳುವುದು ಹಿಂದಿನ ಸ್ಥಿತಿಯನ್ನು ಮಾತ್ರ. ನಿನ್ನೆ ಒಳಹೊಕ್ಕ ವೈರಸ್ ಇಂದಿನ ಯಾವ ಪರೀಕ್ಷೆಗೂ ಸಿಗದು. ಆ ಹೊತ್ತಿಗೆ ತುರ್ತಾಗಿ ಬೇಕಿರುವುದು ಔಷಧಿ.

ಮೊದಲು, ಅಪಾಯ ನಿಜವಾಗಿಯೂ ಇದೆಯೇ ನೋಡಿ. ಎಚ್‌ಐವಿ ಹರಡುವುದು ರಕ್ತ, ವೀರ್ಯ, ವೀರ್ಯಕ್ಕೆ ಮುಂಚೆ ಬರುವ ದ್ರವ, ಯೋನಿ ಮತ್ತು ಗುದದ ದ್ರವ, ಎದೆಹಾಲು ಇವುಗಳಿಂದ. ಇವು ಒಳಪೊರೆಯನ್ನೋ ಹಸಿಗಾಯವನ್ನೋ ಮುಟ್ಟಬೇಕು, ಇಲ್ಲವೇ ಸೂಜಿಯ ಮೂಲಕ ರಕ್ತ ಸೇರಬೇಕು. ಗುದದ ಒಳಪೊರೆ ತೆಳು, ಸುಲಭವಾಗಿ ಹರಿಯುತ್ತದೆ. ಹಾಗಾಗಿ ಲೈಂಗಿಕ ಸಂಪರ್ಕಗಳಲ್ಲಿ ಗುದ ಸಂಭೋಗದ ಅಪಾಯವೇ ಹೆಚ್ಚು. ಜೊಲ್ಲು, ಬೆವರು, ಅಪ್ಪುಗೆ, ಒಂದೇ ತಟ್ಟೆ, ಒಂದೇ ಶೌಚಾಲಯದಿಂದ ಹರಡದು. ಸೊಳ್ಳೆಯಿಂದಲೂ ಇಲ್ಲ: ಅದರೊಳಗೆ ಈ ವೈರಸ್ ಬೆಳೆಯುವುದಿಲ್ಲ, ಕಚ್ಚುವಾಗ ಅದು ಬಿಡುವುದು ತನ್ನ ಜೊಲ್ಲನ್ನೇ ಹೊರತು ಹಿಂದೆ ಹೀರಿದ ರಕ್ತವನ್ನಲ್ಲ.

ಸೂಜಿ ಚುಚ್ಚಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಗಾಯ ಹಿಂಡಬೇಡಿ, ಬೆರಳನ್ನು ಬಾಯಿಗಿಡಬೇಡಿ, ಬ್ಲೀಚ್ ಸುರಿಯಬೇಡಿ. ಸೋಂಕಿತರ ರಕ್ತವಿದ್ದ ಸೂಜಿಯೇ ಆದರೂ ಸೋಂಕು ತಗುಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಸಂಭೋಗದ ನಂತರ ಒಳಗೆ ನೀರು ಹಾಯಿಸಿ ತೊಳೆಯುವುದು ಬೇಡ, ಒಳಪೊರೆಗೆ ಪೆಟ್ಟಾಗುತ್ತದೆ.

ನಂತರ ನೇರ ಆಸ್ಪತ್ರೆಗೆ ಹೋಗಿ 'ಪೆಪ್' (ಅಪಾಯಕ್ಕೆ ಒಡ್ಡಿಕೊಂಡ ಮೇಲೆ ಸೋಂಕು ತಡೆಯಲು ಕೊಡುವ ಎಚ್‌ಐವಿ ಔಷಧಿ) ಬೇಕೆಂದು ಕೇಳಿ. ಇದನ್ನು 72 ಗಂಟೆಯೊಳಗೆ ಶುರು ಮಾಡಬೇಕು; ಮೊದಲ ಕೆಲವು ಗಂಟೆಗಳಲ್ಲೇ ಆದರೆ ಇನ್ನೂ ಒಳ್ಳೆಯದು. ವೈರಸ್ ದೇಹದಲ್ಲಿ ನೆಲೆಯೂರುವ ಮೊದಲೇ ತಡೆಯಬೇಕಲ್ಲ, ಅದಕ್ಕೇ ಈ ಅವಸರ. ಮಾತ್ರೆ 28 ದಿನ, ಒಂದು ದಿನವೂ ತಪ್ಪದಂತೆ. ವಾಕರಿಕೆ ಬಂತೆಂದು ಮಧ್ಯದಲ್ಲಿ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥವಾಗಬಹುದು. ಬಿಡುವ ಬದಲು ವೈದ್ಯರಿಗೆ ಫೋನ್ ಮಾಡಿ. ಕಿಡ್ನಿ ತೊಂದರೆ, ಹೆಪಟೈಟಿಸ್ ಬಿ ಇದ್ದರೆ ಮೊದಲೇ ತಿಳಿಸಿ. ಪೆಪ್‌ನಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧಿ ಇದ್ದರೆ ಇನ್ನೊಂದು ಎಚ್ಚರ: ಆಂಟಾಸಿಡ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತವೆ. ಎಷ್ಟು ಗಂಟೆಯ ಅಂತರವಿರಬೇಕೆಂದು ಕೇಳಿಕೊಳ್ಳಿ.

ಪರೀಕ್ಷೆಯ ಸರದಿ ಆಮೇಲೆ. ತೋಳಿನಿಂದ ರಕ್ತ ತೆಗೆದು ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ (ವೈರಸ್‌ನ ಅಂಶ, ಅದರ ವಿರುದ್ಧದ ಪ್ರತಿಕಾಯ ಎರಡನ್ನೂ ಹುಡುಕುವಂಥದ್ದು) ಅಪಾಯ ಎದುರಾದ 18ರಿಂದ 45 ದಿನಗಳಲ್ಲಿ ಸೋಂಕನ್ನು ಹಿಡಿಯುತ್ತದೆ. ಬೆರಳು ಚುಚ್ಚಿ ಮಾಡುವ ಪರೀಕ್ಷೆಗೆ 90 ದಿನದವರೆಗೂ ಬೇಕಾಗಬಹುದು. ಪೆಪ್ ತೆಗೆದುಕೊಂಡಿದ್ದರೆ ದಿನಾಂಕವನ್ನು ವೈದ್ಯರೇ ಗೊತ್ತುಮಾಡಲಿ. ಅಲ್ಲಿಯವರೆಗೆ ಕಾಂಡೋಮ್ ಬಿಡಬೇಡಿ, ರಕ್ತದಾನ ಬೇಡ: ಹೊಸ ಸೋಂಕಿನ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚಿರುತ್ತದೆ. ಲ್ಯಾಟೆಕ್ಸ್ ಕಾಂಡೋಮ್‌ಗೆ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಹರಿಯುತ್ತದೆ. ನೀರಿನಂಶದ ಜೆಲ್ ಬಳಸಿ. ಜ್ವರ, ಗಂಟಲು ನೋವು, ದದ್ದು ನೋಡಿ ಏನನ್ನೂ ತೀರ್ಮಾನಿಸಬೇಡಿ. ಮಾಮೂಲಿ ವೈರಲ್ ಜ್ವರದಲ್ಲೂ ಇವೆಲ್ಲ ಇರುತ್ತವೆ.

ಪಾಸಿಟಿವ್ ಬಂದರೆ ಬೇರೊಂದು ಬಗೆಯ ಪರೀಕ್ಷೆಯಿಂದ ಖಚಿತಪಡಿಸಿಕೊಂಡು ಎಆರ್‌ಟಿ (ವೈರಸ್ ಬೆಳೆಯದಂತೆ ತಡೆಯುವ ಔಷಧಿ ಚಿಕಿತ್ಸೆ) ತಕ್ಷಣ ಶುರು ಮಾಡಿ. ಎಚ್‌ಐವಿ ಇದ್ದ ಮಾತ್ರಕ್ಕೆ ಏಡ್ಸ್ ಅಲ್ಲ. ಸಿಡಿ4 ಕಣಗಳು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಒಂದು ಘನ ಮಿಲಿಮೀಟರ್ ರಕ್ತದಲ್ಲಿ 200ಕ್ಕಿಂತ ಕೆಳಗಿಳಿದಾಗ, ಅಥವಾ ಕೆಲವು ಗಂಭೀರ ಸೋಂಕುಗಳು ಅಂಟಿಕೊಂಡಾಗ ಅದನ್ನು ಏಡ್ಸ್ ಎನ್ನುತ್ತಾರೆ. ಮಾತ್ರೆ ತಪ್ಪಿಸದೆ ವೈರಸ್ ಪರೀಕ್ಷೆಗೂ ಸಿಗದ ಮಟ್ಟಕ್ಕಿಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಗರ್ಭಿಣಿಯರು ಇನ್ನೂ ಬೇಗ ಶುರು ಮಾಡಬೇಕು: ಚಿಕಿತ್ಸೆ ಇಲ್ಲದಿದ್ದರೆ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ. 15ರಿಂದ 45, ಗರ್ಭಾವಸ್ಥೆ, ಹೆರಿಗೆ, ಹಾಲೂಡಿಸುವ ಅವಧಿಯುದ್ದಕ್ಕೂ ಔಷಧಿ ಸರಿಯಾಗಿ ನಡೆದರೆ ಶೇ. 5ಕ್ಕಿಂತಲೂ ಕಡಿಮೆ.